ಕುರಿ ಹಟ್ಟಿಯಲ್ಲಿ ಏಳು ಓಟು

ನಮ್ಮಪ್ಪ ಕನಕರಾಯ ಒಂದು ಕಾಲಕ್ಕೆ ಕಾಲೇಜು ಚುನಾವಣೆ ಗೆದ್ದು ಯು.ಆರ್. ಆಗಿದ್ದ ಎಂದರೆ ಹಿರೇಕೊಟ್ನೆಕಲ್‌ನಲ್ಲಿ ಈಗ ಯಾರೂ ನಂಬುವುದಿಲ್ಲ. ಮದುವೆ ಮನೆಗೆ ಹೋದರೂ ಮೂಲೆ ಹುಡುಕಿ ಕೂರುವ ಮನುಷ್ಯ ಅವನು. ನಾಲ್ಕು ಜನರ ಮುಂದೆ ಎರಡು ಮಾತಾಡು ಎಂದರೆ ಚಪ್ಪಲಿ ಹುಡುಕತೊಡಗುತ್ತಾನೆ. ಈ ಕತೆಯಲ್ಲಿ ಅರ್ಧ ಅವನ ಬಾಯಿಂದಲೇ ಬಂದದ್ದು, ಅದೂ ಹತ್ತು ವರ್ಷಗಳಲ್ಲಿ ತುಣುಕು ತುಣುಕಾಗಿ. ಉಳಿದರ್ಧ ಅವನ ಜೊತೆ ಓದಿದ ಪೀರಾ ಸಾಬ್ ಕಾಕಾ ಹೇಳಿದ್ದು. ಕಾಕಾ ಮೊದಲು ನಗಿಸುತ್ತಾನೆ, ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾನೆ. ನನಗೂ ಹಾಗೆಯೇ ಹೇಳಲು ಬರುತ್ತದೆ, ಬೇರೆ ರೀತಿ ಬರುವುದಿಲ್ಲ.

ನಮ್ಮದು ಕುರಿ ಕಾಯುವ ಮನೆ. ಅಜ್ಜ ಪರಮಣ್ಣನಿಗೆ ನೂರಿಪ್ಪತ್ತು ಕುರಿ. ಮನೆ ಊರಲ್ಲಿದ್ದರೂ ಅಜ್ಜ ಮತ್ತು ಅಜ್ಜಿ ಅಯ್ಯಮ್ಮ ವರ್ಷದ ಮುಕ್ಕಾಲು ಪಾಲು ಹೊಲದಿಂದ ಹೊಲಕ್ಕೆ ಹಟ್ಟಿ ಹಾಕಿಕೊಂಡು ತಿರುಗುತ್ತಿದ್ದರು. ಬೀಳು ಬಿಟ್ಟ ಹೊಲದ ನಡುವೆ ಸುತ್ತ ಬಲೆ ಕಟ್ಟಿ ಕುರಿ ಕೂಡುವುದು, ಪಕ್ಕದಲ್ಲಿ ಕಂಬಳಿ ಹಾಸಿ ತಾವು ಇರುವುದು, ಅದೇ ಹಟ್ಟಿ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರ, ಅದಕ್ಕೆ ಹೊಲದವರು ಜೋಳ ಕೊಡುತ್ತಿದ್ದರು. ಅಂಥ ಹಟ್ಟಿಯಿಂದ ಎದ್ದು ಅಪ್ಪ ರಾಯಚೂರಿಗೆ ಹೋಗಿ ಬಿ.ಎ. ಸೇರಿದ. ಆಗ ೧೯೮೩.

ಅವನ ಜೊತೆ ಕೋಣೆ ಹಂಚಿಕೊಂಡವನು ವೆಂಕೋಬ. ದೇವದುರ್ಗದವನು. ಅವನ ತಾಯಿ ಗೋಪಮ್ಮ ಕಂಡವರ ಹೊಲದಲ್ಲಿ ಕೂಲಿ ಮಾಡಿ ಓದಿಸುತ್ತಿದ್ದಳು. ಊರ ಹೊರಗಿನ ಕೇರಿಯ ಹುಡುಗ ಎಂದು ಗೊತ್ತಾದೊಡನೆ ರಾಯಚೂರಿನಲ್ಲಿ ಐದು ಮನೆಯವರು ಕೋಣೆ ಖಾಲಿ ಇಲ್ಲ ಎಂದಿದ್ದರು. ಆರನೆಯ ಮನೆ ತೀನ್ ಕಂದೀಲ್ ಚೌಕದ ಹಿಂದಿನ ಓಣಿಯ ಮಹಬೂಬೀಯದು. ಅವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನೀರು ನೋಡಿ ಖರ್ಚು ಮಾಡ್ರಿ, ಮೆಟ್ಟಲ ಮ್ಯಾಲ ಬೀಡಿ ಸೇದಬ್ಯಾಡ್ರಿ. ಬಾಕಿ ನೀವು ಯಾರರ ಆಗಿರ್ರಿ, ನನಗ್ಯಾಕ ಬೇಕದು?" ಎಂದಳಂತೆ.

ಆ ಕೋಣೆಯಲ್ಲಿ ಒಂದು ಸ್ಟೋವು, ಒಂದು ಬೋಗುಣಿ, ಒಂದೇ ತಾಟು. ಇಬ್ಬರೂ ಅದರಲ್ಲೇ ಉಣ್ಣುತ್ತಿದ್ದರು. ಎರಡನೇ ತಾಟು ಕೊಳ್ಳಬೇಕೆಂದು ಅವರಿಗೆ ಒಂದು ವರ್ಷವಾದರೂ ನೆನಪೇ ಆಗಲಿಲ್ಲ. ವೆಂಕೋಬನಿಗೆ ಮಾತು ಬರುತ್ತಿತ್ತು. ಎಂಥ ಮಾತು! ಚರ್ಚಾಸ್ಪರ್ಧೆಯಲ್ಲಿ ಅವನು ಎದ್ದು ನಿಂತರೆ ಹಿಂದಿನ ಬೆಂಚಿನವರು ಕಡಲೆ ತಿನ್ನುವುದನ್ನು ನಿಲ್ಲಿಸುತ್ತಿದ್ದರು. ಅಪ್ಪನಿಗೆ ಮಾತು ಬರುತ್ತಿರಲಿಲ್ಲ, ಆದರೆ ಜನ ಅವನನ್ನು ಇಷ್ಟಪಡುತ್ತಿದ್ದರು. ಯಾರ ಸೈಕಲ್ ಪಂಕ್ಚರ್ ಆದರೂ ತಳ್ಳಿಕೊಂಡು ಬರುವವನು ಅವನೇ.

ಎರಡನೇ ವರ್ಷ ಇಬ್ಬರೂ ಬೇರೆ ಬೇರೆ ಸೆಕ್ಷನ್‌ಗಳಿಂದ ಸಿ.ಆರ್. ಆದರು, ಎಂದರೆ ತಂತಮ್ಮ ತರಗತಿಯ ಪ್ರತಿನಿಧಿ. ಕಾಲೇಜಿನಲ್ಲಿ ಅಂಥ ಸಿ.ಆರ್.ಗಳು ಹದಿನೈದು ಮಂದಿ. ಆ ಹದಿನೈದು ಮಂದಿ ಸೇರಿ ತಮ್ಮಲ್ಲೇ ಒಬ್ಬನನ್ನು ಆರಿಸಿ ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘಕ್ಕೆ ಕಳಿಸಬೇಕು. ಅವನೇ ಯು.ಆರ್., ಯೂನಿವರ್ಸಿಟಿ ಪ್ರತಿನಿಧಿ. ಎಂಟು ಓಟು ಬಿದ್ದರೆ ಗೆದ್ದ ಹಾಗೆ.

ಆ ವರ್ಷ ಯು.ಆರ್. ಜಾಗಕ್ಕೆ ಒಂದು ತೂಕ ಬಂದಿತ್ತು. ಯಾವುದೋ ಕಾಗದ ಎಲ್ಲೋ ಸಿಕ್ಕಿಕೊಂಡು ಹಳ್ಳಿ ಕಡೆಯ ಮೂವತ್ತೆಂಟು ಹುಡುಗರ ರಿಸಲ್ಟ್ ಬಂದಿರಲಿಲ್ಲ. ಅವರು ಬಸ್ಸು ಹಿಡಿದು ಯೂನಿವರ್ಸಿಟಿಗೆ ಹೋಗುವುದು, ನಾಳೆ ಬಾ ಅನ್ನಿಸಿಕೊಂಡು ವಾಪಸ್ ಬರುವುದು ನಡೆದಿತ್ತು. ಅಲ್ಲಿ ನಿಂತು ಕೇಳುವವನು ಒಬ್ಬ ಬೇಕಾಗಿತ್ತು.

"ನೀ ನಿಂದ್ರಲೇ," ಎಂದು ಅಪ್ಪ ವೆಂಕೋಬನಿಗೆ ಹೇಳಿದ. "ಮಾತಾಡಾಕ ನಿನಗ ಬರ್ತದ."

ವೆಂಕೋಬ ಬೆರಳು ಮಡಚುತ್ತ ಎಣಿಸಿ ತೋರಿಸಿದ. "ನನ್ನ ಹೆಸರಿಗೆ ಎಷ್ಟು ಬೀಳ್ತಾವ ಗೊತ್ತೇನು? ಮೂರು. ಅದರಾಗ ಒಂದು ನಂದು, ಒಂದು ನಿಂದು. ನಿನ್ನ ಹೆಸರಿಗೆ ಎಂಟು ಬೀಳ್ತಾವ. ಈ ವರ್ಷ ನೀ ನಿಂದ್ರು, ಮಾತು ನಾ ಬರದು ಕೊಡ್ತೀನಿ. ಮುಂದಿನ ವರ್ಷ ನಾ ನಿಂದರ್ತೀನಿ, ಆಗ ಮಂದಿಗೆ ರೂಢಿ ಆಗಿರ್ತದ."

"ಆಗ ನಾ ಏನು ಮಾಡ್ಲಿ?"

"ಸೈಕಲ್ ತಳ್ಳು."

ಎದುರಿಗೆ ನಿಂತವನು ಒಬ್ಬ ಜಿನ್ನಿಂಗ್ ಮಿಲ್ ಮಾಲೀಕರ ಮಗ. ಅವನ ಹತ್ತಿರ ಜೀಪಿತ್ತು. ಆ ಕಾಲದ ರೂಢಿ ಏನೆಂದರೆ, ಓಟಿನ ದಿನದವರೆಗೆ ತಮ್ಮ ಕಡೆಯ ಸಿ.ಆರ್.ಗಳನ್ನು ಯಾರ ಕೈಗೂ ಸಿಗದ ಹಾಗೆ ಎಲ್ಲಾದರೂ ಕರೆದುಕೊಂಡು ಹೋಗಿ ಇಡುವುದು. ಇಲ್ಲವಾದರೆ ಎದುರಿನವರು ಬಂದು ಮನಸ್ಸು ತಿರುಗಿಸುತ್ತಾರೆ. ಅವನು ತನ್ನ ಕಡೆಯ ಆರು ಮಂದಿಯನ್ನು ಜೀಪಿನಲ್ಲಿ ತುಂಬಿಕೊಂಡು ಹೈದರಾಬಾದಿಗೆ ಹೋದ. ಲಾಡ್ಜು, ಬಿರಿಯಾನಿ, ದಿನಕ್ಕೆರಡು ಸಿನಿಮಾ.

ಅಪ್ಪನ ಕಡೆ ಅವನೂ ಸೇರಿ ಎಂಟು ಮಂದಿ. ಅವರನ್ನು ಎಲ್ಲಿ ಇಡುವುದು? ತಾನೂ ಸಿ.ಆರ್. ಆಗಿದ್ದ ಪೀರಾ ಸಾಬ್ ಕಾಕಾನೇ ಹೇಳಿದ್ದಂತೆ: "ನಿಮ್ಮಪ್ಪನ ಹಟ್ಟಿ ಎಲ್ಲದನೋ ಈಗ? ಅಲ್ಲಿ ಪೊಲೀಸ್ರು ಬಂದ್ರೂ ಹುಡುಕಾಕ ಆಗಂಗಿಲ್ಲ. ಕುರಿ ಸಂಗಟ ಕುರಿ ಆಗಿ ಇರ್ತೀವಿ."

ಹಟ್ಟಿ ಆಗ ಕವಿತಾಳದ ಹತ್ತಿರದ ಒಂದು ಬೀಳು ಹೊಲದಲ್ಲಿತ್ತು. ಕವಿತಾಳದ ಚಹಾದಂಗಡಿಯಲ್ಲಿ ಹೇಳಿದರೆ ಮಾತು ಅಜ್ಜನಿಗೆ ಮುಟ್ಟುತ್ತಿತ್ತು. ಅಪ್ಪ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದ: ಗೆಳೆಯರು ಬರುತ್ತೇವೆ, ಮೂರು ದಿನ ಇರುತ್ತೇವೆ. ಒಬ್ಬ ಸಾಬರ ಹುಡುಗ ಇದ್ದಾನೆ, ಕುರಿ ಅವನೇ ಕೊಯ್ಯಲಿ. ಶರಣಯ್ಯ ಎಂದು ಯಾಪಲದಿನ್ನಿಯ ಜಂಗಮರ ಹುಡುಗನೂ ಇದ್ದಾನೆ, ಅವನು ಖಂಡ ಮುಟ್ಟುವುದಿಲ್ಲ, ಅವನಿಗೆ ಹಾಲು ರೊಟ್ಟಿ ನೋಡಿಕೊಳ್ಳಿ. ಎಲ್ಲರ ಬಗ್ಗೆ ಯೋಚಿಸಿ ಹೇಳಿದ್ದ. ವೆಂಕೋಬನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಮರೆತಿದ್ದನೇ? ಇಲ್ಲ. "ಮರತಿದ್ರ ಛಲೋ ಇತ್ತು," ಎಂದು ಅಪ್ಪನೇ ಒಮ್ಮೆ ನನ್ನ ಹತ್ತಿರ ಅಂದ.

ಹೊರಡುವ ದಿನ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಶರಣಯ್ಯನಿಗೆ ಮೈ ಕೆಂಡದಂತೆ ಜ್ವರ. "ನಾ ಊರಿಗೆ ಹೋಗ್ತೀನಿ, ಓಟಿನ ದಿನ ಸೀದಾ ಕಾಲೇಜಿಗೆ ಬರ್ತೀನಿ, ನನ್ನ ಮ್ಯಾಲ ನಂಬಿಕಿ ಇಡ್ರಿ," ಎಂದು ಯಾಪಲದಿನ್ನಿಗೆ ಹೋದ. ಉಳಿದ ಏಳು ಮಂದಿ ಕವಿತಾಳದ ಬಸ್ಸು ಹತ್ತಿದರು.

ಹಟ್ಟಿ ಮುಟ್ಟಿದಾಗ ಮಧ್ಯಾಹ್ನ. ಅಜ್ಜ ರುಮಾಲು ಸರಿಪಡಿಸಿಕೊಂಡು ಎದುರು ಬಂದ. ಮಗನ ಗೆಳೆಯರು ಎಂದರೆ ಅವನಿಗೆ ಹಬ್ಬ. ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳತೊಡಗಿದ: ಯಾವೂರು, ಯಾರ ಮಗ, ಯಾರ ಪೈಕಿ. ಅದು ಅವನಿಗೆ ಹೇಗಿದ್ದೀರಿ ಎಂದು ಕೇಳಿದ ಹಾಗೆಯೇ. ಪೀರಾ ಸಾಬ್ ಕಾಕಾನ ಬೆನ್ನು ತಟ್ಟಿ, "ಬಾರಪ್ಪಾ, ಟಗರು ನಿನ್ನ ದಾರಿ ಕಾಯಾಕತ್ತದ," ಎಂದ. ಹೀಗೇ ಸಾಲಿನಲ್ಲಿ ವೆಂಕೋಬನ ಮುಂದೆ ಬಂದು ನಿಂತ.

ವೆಂಕೋಬ ಬಾಯಿ ತೆರೆದ. ಅವನು ತನ್ನ ಹೆಸರು ಹೇಳಲು ಎಂದೂ ಹಿಂಜರಿದವನಲ್ಲ. ಅಷ್ಟರಲ್ಲಿ ಅಪ್ಪ ನಡುವೆ ಬಂದು, "ಯಪ್ಪಾ, ಇವರೇ ಶರಣಯ್ಯಾರು," ಎಂದುಬಿಟ್ಟ.

ಯಾಕೆ ಹಾಗಂದೆ ಎಂದು ನಾನು ಕೇಳಿದ್ದೇನೆ. ಕೇರಿಯ ಹುಡುಗ ಎಂದು ಗೊತ್ತಾದರೆ ಅಜ್ಜ ಅವನನ್ನು ಬಲೆಯ ಆಚೆ ಕೂರಿಸುತ್ತಾನೆ, ಬೋಗುಣಿ ಬೇರೆ ಇಡುತ್ತಾನೆ, ಆರು ಮಂದಿಯ ಮುಂದೆ ವೆಂಕೋಬನ ಮುಖ ಸಣ್ಣದಾಗುತ್ತದೆ ಎಂದು ಹೆದರಿದೆ ಎಂದ. ಆಮೇಲೆ, "ಓಟಿನ ಹೆದರಿಕಿನೂ ಇತ್ತು," ಎಂದ. ಗಲಾಟೆ ಆದರೆ ಹುಡುಗರು ಎದ್ದು ಹೋಗುತ್ತಾರೆ. ಎರಡರಲ್ಲಿ ಯಾವುದು ಮೊದಲು ಹೊಳೆಯಿತು ಎಂದು ಅವನಿಗೇ ಗೊತ್ತಿಲ್ಲ.

ಅಜ್ಜ ಒಮ್ಮೆಲೇ ಬಗ್ಗಿ ವೆಂಕೋಬನ ಪಾದ ಮುಟ್ಟಿದ. ವೆಂಕೋಬ ಹಾವು ಕಂಡವನಂತೆ ಹಿಂದೆ ಸರಿದ. ಪೀರಾ ಸಾಬ್ ಕಾಕಾ ನಗು ತಡೆಯಲಾಗದೆ ಕುರಿಗಳ ಕಡೆ ತಿರುಗಿ ಕೆಮ್ಮಿದ. ಮೊದಲ ದಿನ ಅದು ಎಲ್ಲರಿಗೂ ನಗೆಯೇ ಆಗಿತ್ತು. ಸ್ವತಃ ವೆಂಕೋಬನಿಗೂ.

"ಸ್ವಾಮಿಗೋಳ, ನಮಗೂ ಆಶೀರ್ವಾದ ಮಾಡ್ರಿ," ಎಂದು ಕಾಕಾ ಅಡ್ಡಬಿದ್ದರೆ, "ಮಗನ, ನಿನಗ ಇಂಗ್ಲಿಷಿನ್ಯಾಗ ಮೂವತ್ತೈದು ಬೀಳ್ಲಿ," ಎಂದು ವೆಂಕೋಬ ಕೈ ಎತ್ತುತ್ತಿದ್ದ.

ಊಟಕ್ಕೆ ಟಗರು ಕೊಯ್ದರು. ಅಜ್ಜಿ ಉದ್ದನೆಯ ಕಂಬಳಿ ಹಾಸಿ, ನಡುವೆ ಅಗಲ ತಾಟಿನಂಥ ದೊಡ್ಡ ಪರಾತ ಇಟ್ಟಳು. ಆರು ಮಂದಿ ಸುತ್ತ ಕೂತು ಒಂದೇ ಪರಾತಕ್ಕೆ ಕೈ ಹಾಕಿದರು. ವೆಂಕೋಬನಿಗೆ ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ಜಾಲಿ ಮರದ ನೆರಳಿನಲ್ಲಿ ಹೊಸ ಕಂಬಳಿ. ತೊಳೆದ ಕಂಚಿನ ತಾಟು. ಹಾಲು, ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು, ದೂರದಿಂದಲೇ ಕೈ ಚಾಚಿ ರೊಟ್ಟಿ ಇಟ್ಟು ಹಿಂದೆ ಸರಿದು ನಿಂತಳು. ತನ್ನ ನೆರಳು ಅವನ ತಾಟಿಗೆ ಬೀಳದ ಹಾಗೆ.

ವೆಂಕೋಬನಿಗೆ ಖಂಡ ಎಂದರೆ ಪ್ರಾಣ. ಅಪ್ಪ ಎಲೆಯಲ್ಲಿ ನಾಲ್ಕು ತುಣುಕು ಮುಚ್ಚಿಕೊಂಡು ಮರದ ಹತ್ತಿರ ಹೋದ.

"ತಗೋಲೇ, ಯಾರೂ ನೋಡಂಗಿಲ್ಲ."

"ಬ್ಯಾಡ," ಎಂದ ವೆಂಕೋಬ. ನಗುತ್ತಲೇ ಇದ್ದ. "ಒಂದು ಮಾತು ಕನಕ್ಯಾ. ನಮ್ಮ ಕೇರಿಯಾಗ ಹುಟ್ಟಿದ್ರೂ ಬ್ಯಾರೆ ಕುಂದ್ರಸ್ತಾರ, ಜಂಗಮರ ಮನ್ಯಾಗ ಹುಟ್ಟಿದ್ರೂ ಬ್ಯಾರೆ ಕುಂದ್ರಸ್ತಾರ. ಇದೇನು ನನ್ನ ಹಣಿಬರಾ?"

ಅಪ್ಪನೂ ನಕ್ಕ. ಆ ನಗು ತನ್ನ ಗಂಟಲಲ್ಲಿ ಇನ್ನೂ ಇದೆ ಎಂದು ಅವನು ಹೇಳುತ್ತಾನೆ.

ಎರಡನೇ ದಿನ ಬೆಳಗ್ಗೆ ಅಜ್ಜಿ ಕೂಸನ್ನು ಎತ್ತಿಕೊಂಡು ಬಂದಳು. ಅದು ತವರಿಗೆ ಬಂದಿದ್ದ ನಮ್ಮ ಸೋದರತ್ತೆ ಆದೆಮ್ಮನ ಮಗಳು, ಐದು ತಿಂಗಳಿನದು. ಅತ್ತೆಗೆ ಮೊದಲ ಕೂಸು ಉಳಿದಿರಲಿಲ್ಲ. ಇದೂ ನಾಲ್ಕು ದಿನದಿಂದ ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಅತ್ತೆ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು.

"ಅಯ್ಯಾರ, ಇದರ ತೆಲಿ ಮ್ಯಾಲ ಕೈ ಇಡ್ರಿ," ಎಂದಳು ಅಜ್ಜಿ.

ವೆಂಕೋಬ ಅಪ್ಪನ ಮುಖ ನೋಡಿದ. ಆ ನೋಟದಲ್ಲಿ ನಗೆ ಇರಲಿಲ್ಲ. ಈಗಲಾದರೂ ಹೇಳು ಎನ್ನುವಂತಿತ್ತು. ಅಪ್ಪ ಗೋಣು ಹಾಕಿದ, ಇಡು ಎಂದು. ವೆಂಕೋಬ ಎರಡೂ ಕೈಯನ್ನು ಅಂಗಿಗೆ ಒರೆಸಿಕೊಂಡು ಕೂಸಿನ ತಲೆಯ ಮೇಲೆ ಇಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಅವನು ನಿಜವಾಗಿಯೂ ಬೇಡಿಕೊಳ್ಳುತ್ತಿದ್ದ ಎಂದು ಪೀರಾ ಸಾಬ್ ಕಾಕಾ ಹೇಳುತ್ತಾನೆ, ತುಟಿ ಅಲ್ಲಾಡುತ್ತಿದ್ದವಂತೆ. ಕೂಸು ಸಂಜೆಗೆ ಹಾಲು ಕುಡಿಯಿತು. ಅದು ಕುಡಿಯುವುದಿತ್ತೋ ಏನೋ, ಕುಡಿಯಿತು.

ಅಜ್ಜಿ ಅಳುತ್ತ ಬಂದು ಅವನ ಕಂಬಳಿಯ ಅಂಚಿನಿಂದ ಒಂದು ಮೊಳ ಆಚೆ ನೆಲದ ಮೇಲೆ ಕೂತಳು. ಅಪ್ಪ ಅಲ್ಲೇ ಕುರಿಮರಿಗೆ ಸೊಪ್ಪು ಹಾಕುತ್ತಿದ್ದ. ಸಂತೋಷ ಬಂದರೆ ಅಜ್ಜಿಗೆ ಮಾತು ನಿಲ್ಲುವುದಿಲ್ಲ.

"ನಿಮ್ಮ ಪಾದ ಬಂತು, ನಮ್ಮ ಹಟ್ಟಿ ಮೈಲಿಗಿ ಹೋತ್ರೀ ಅಯ್ಯಾರ. ಹ್ವಾದ ಬ್ಯಾಸಿಗ್ಯಾಗ ನನ್ನ ಕೈಲಿಂದ ತಪ್ಪಾಗಿತ್ತು. ದೇವದುರ್ಗದ ಕಡಿ ಹಟ್ಟಿ ಹಾಕಿದ್ವಿ. ಆಜೂಬಾಜೂ ಹೊಲಕ್ಕ ಕೂಲಿಗೆ ಬಂದಾಕಿ, ಕೇರಿಯಾಕಿ, ನಾ ಅತ್ತಾಗ ಹೋಗಿದ್ದು ನೋಡಿ ನನ್ನ ಕೊಡಕ್ಕ ಕೈ ಹಚ್ಚಿದ್ಳು. ನೀರಡಿಸೇತಿ ಅಂದ್ಳು. ಅವತ್ತಿಂದ ಹಿಡೀತ್ರೀ ನಮಗ ಕಾಡಾಟ."

ವೆಂಕೋಬ ಕೇಳಿದ: "ಆಕಿ ನೀರು ಕುಡದ್ಳೇನ್ರಿ?"

"ಎಲ್ಲಿ ಕುಡೀತಾಳ್ರಿ! ಹೊಲಾ ಎಲ್ಲಾ ಕೇಳಂಗ ಬೈದು, ಆಕಿ ಮುಂದ ಕೊಡ ಒಡದು ಹಾಕಿದ್ನಿ."

ವೆಂಕೋಬ ತಲೆ ಆಡಿಸಿದ. ಅವನ ತಾಯಿ ಗೋಪಮ್ಮ ವರ್ಷಪೂರ್ತಿ ಹೀಗೆಯೇ ಕಂಡವರ ಹೊಲಕ್ಕೆ ಹೋಗುವವಳು. ಆ ಹೆಂಗಸು ಅವಳೇ ಎಂದು ಯಾರೂ ಹೇಳಲಾರರು, ಅಲ್ಲ ಎಂದೂ ಹೇಳಲಾರರು. ಅಪ್ಪ ಕೈಯಲ್ಲಿ ಸೊಪ್ಪು ಹಿಡಿದು ಹಾಗೇ ನಿಂತಿದ್ದ. ಮರಿ ಅವನ ಬೆರಳು ನೆಕ್ಕುತ್ತಿತ್ತು.

ಅಜ್ಜಿ ಎದ್ದು ಹೋದ ಮೇಲೆ ವೆಂಕೋಬ ಬಲೆಯ ಹತ್ತಿರ ಬಂದ.

"ನಿಮ್ಮಪ್ಪಗ ನಿಮ್ಮವ್ವಗ ನನ್ನ ಹೆಸರು ಹೇಳು. ನಾನ ಹೇಳಬಹುದು. ಆದ್ರ ನೀ ಮುಚ್ಚೀದಿ, ನೀನ ಬಿಚ್ಚಬೇಕು."

"ಓಟು ಆಗ್ಲಿ ಮಾರಾಯಾ. ನಾಡಿದ್ದು ಒಂದ ದಿನ. ಈಗ ಹೇಳಿದ್ರ ಇಲ್ಲಿ ದೊಡ್ಡ ರಾದ್ಧಾಂತ ಆಗ್ತದ. ಹುಡುಗರು ಎದ್ದು ಹೋಗ್ತಾರ. ಮೂವತ್ತೆಂಟು ಮಂದಿ ರಿಸಲ್ಟು..."

"ಮೂವತ್ತೆಂಟು ಮಂದಿ ಹೆಸರು ಅಲ್ಲಿ ಹೋಗಿ ಹೇಳಾವ," ಎಂದ ವೆಂಕೋಬ ತಗ್ಗಿದ ದನಿಯಲ್ಲಿ, "ಇಲ್ಲಿ ಒಂದ ಹೆಸರು ಹೇಳಾಕ ಆಗವಲ್ದೇನು?"

ಆ ರಾತ್ರಿಯಿಂದ ಅಪ್ಪನ ಮನಸ್ಸಿನಲ್ಲಿ ಓಟು ಇರಲಿಲ್ಲ, ಆ ಹೆಸರು ಮಾತ್ರ ಇತ್ತು. ಮೂರು ಅಕ್ಷರದ ಹೆಸರು, ದಿನಾ ನೂರು ಸಲ ಕೂಗುತ್ತಿದ್ದ ಹೆಸರು, ತನ್ನ ತಂದೆಯ ಮುಂದೆ ಬಾಯಿಗೆ ಬರುತ್ತಿರಲಿಲ್ಲ.

ಹೊರಡುವ ಬೆಳಗ್ಗೆ ಅಜ್ಜ ಅಯ್ಯಾರಿಗೆಂದು ತಾನೇ ನೂಲು ಕೊಟ್ಟು ನೇಯಿಸಿದ ಕರಿ ಕಂಬಳಿ ತಂದ. ಮಡಚಿ ಎರಡೂ ಕೈಯಲ್ಲಿ ಹಿಡಿದು, "ಬರಿಗೈಲಿ ಕಳಸಬಾರದ್ರಿ ನಿಮ್ಮನ್ನ. ನಮ್ಮ ಹುಡುಗ ಗೆಲ್ಲಲಿ ಅಂತ ಒಂದು ಮಾತು ಅನ್ರಿ," ಎಂದ.

ಎಲ್ಲರೂ ನಿಂತಿದ್ದರು. ಪೀರಾ ಸಾಬ್ ಕಾಕಾನಿಗೆ ಆಗ ನಗು ಎಲ್ಲಿತ್ತು! ವೆಂಕೋಬ ಅಪ್ಪನ ಕಡೆ ತಿರುಗಿ ಕಾದ. ಕಾಕಾ ಹೇಳುವ ಪ್ರಕಾರ ಒಂದು ಬೀಡಿ ಹಚ್ಚಿ ಅರ್ಧ ಸೇದುವಷ್ಟು ಹೊತ್ತು ಕಾದ. ಅಪ್ಪ ತನ್ನ ಚೀಲದ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದ.

"ಗೆಲ್ತಾನ್ರಿ," ಎಂದ ವೆಂಕೋಬ ಅಜ್ಜನಿಗೆ. "ನನ್ನ ಓಟು ಅವನಿಗೇ ಅದ." ಕಂಬಳಿಯನ್ನು ತೆಗೆದುಕೊಂಡು ಬಿಚ್ಚಿ, ಅಜ್ಜನ ಹೆಗಲಿಗೇ ಹೊದಿಸಿ ಕೈಮುಗಿದ. ಅಯ್ಯನೋರು ತನಗೇ ಹೊದಿಸಿದರು ಎಂದು ಅಜ್ಜನ ಕಣ್ಣಲ್ಲಿ ನೀರು ಬಂತು.

ಓಟಾಯಿತು. ಶರಣಯ್ಯ ಜ್ವರದಲ್ಲೇ ಕಂಬಳಿ ಹೊದ್ದು ಬಂದು ಹಾಕಿ ಹೋದ. ಎಂಟಕ್ಕೆ ಏಳು. ಅಪ್ಪ ಗೆದ್ದ. ಗುಲಾಲು ಎರಚಿದರು, ಹೆಗಲ ಮೇಲೆ ಹೊತ್ತು ತೀನ್ ಕಂದೀಲ್‌ತನಕ ಕುಣಿದರು. ಅಪ್ಪ ಮೇಲಿಂದ ಗುಂಪಿನಲ್ಲಿ ಒಂದೇ ಮುಖ ಹುಡುಕುತ್ತಿದ್ದ. ಕೋಣೆಗೆ ಹೋದರೆ ಮಹಬೂಬೀ ಮೆಟ್ಟಲ ಮೇಲೆ ಕೂತಿದ್ದಳು.

"ಟ್ರಂಕು ತಗೊಂಡು ಹ್ವಾದ ನಿನ್ನ ದೋಸ್ತ. ಜಗಳ ಆಡಿದ್ರೇನು?"

"ಇಲ್ಲ ಚಾಚೀ."

"ಜಗಳ ಆಡಿ ಹೋಗಿದ್ರ ವಾಪಸ್ ಬರತಿದ್ದ," ಎಂದಳು ಅವಳು. "ಕೈಮುಗದು ಹ್ವಾದ. ಇನ್ನ ಬರಂಗಿಲ್ಲ."

ವೆಂಕೋಬ ಸರಕಾರಿ ಹಾಸ್ಟೆಲಿನ ವರಾಂಡದಲ್ಲಿ ಟ್ರಂಕು ಇಟ್ಟುಕೊಂಡಿದ್ದ. ಅಪ್ಪ ಗುಲಾಲಿನ ಮುಖದಲ್ಲೇ ಓಡಿ ಹೋದ. ವೆಂಕೋಬ ಹೊರಗೆ ಬಂದ. ಸಿಟ್ಟು ಮಾಡಲಿಲ್ಲ.

"ಹೇಳಿ ಬಾ. ಹೇಳಿದ ದಿನ ಬಾ. ಅಲ್ಲೀತನಕ ನನ್ನ ಹತ್ರ ಬರಬ್ಯಾಡ," ಎಂದ. ಜೇಬಿನಿಂದ ಮಡಚಿದ ಕಾಗದ ತೆಗೆದು ಕೊಟ್ಟ. ಮೂವತ್ತೆಂಟು ಹುಡುಗರ ಪರವಾಗಿ ಯೂನಿವರ್ಸಿಟಿಯಲ್ಲಿ ಹೇಳಬೇಕಾದ ಮಾತು. ಬರೆದು ಕೊಡುತ್ತೇನೆ ಎಂದಿದ್ದ, ಬರೆದಿದ್ದ.

ಅಪ್ಪ ಹೋಗಿ ಅದನ್ನೇ ಓದಿದ. ಅದರಲ್ಲಿ ಒಂದು ಸಾಲು ಇತ್ತು: "ಪಟ್ಟಿಯಿಂದ ಬಿಟ್ಟುಹೋದದ್ದು ಒಂದು ಹೆಸರಲ್ಲ, ಒಬ್ಬ ಮನುಷ್ಯ." ಎಲ್ಲರೂ ಮೇಜು ಕುಟ್ಟಿದರು. ಅಪ್ಪನಿಗೆ ಮುಂದಿನ ಸಾಲು ಕಾಣಿಸಲಿಲ್ಲ, ನೀರು ಕುಡಿದು ಓದಬೇಕಾಯಿತು. ಒಂದು ತಿಂಗಳಲ್ಲಿ ರಿಸಲ್ಟ್ ಬಂದವು. ಹುಡುಗರು ಹಾರ ತಂದರು. ಇಂಥ ಯು.ಆರ್. ಹಿಂದೆ ಆಗಿರಲಿಲ್ಲ ಎಂದರು.

ದೀಪಾವಳಿಗೆ ಹಟ್ಟಿಗೆ ಹೋದ, ಹೇಳಲಿಲ್ಲ. ಸಂಕ್ರಾಂತಿಗೆ ಹೋದ, ಅಜ್ಜಿ ಕೂಸನ್ನು ತೋರಿಸಿ, "ನೋಡು, ಅಯ್ಯಾರ ಕೈಗುಣ, ಹೆಂಗ ದಪ್ಪಗಾಗ್ಯದ," ಎಂದಳು. ಹೇಳಲಿಲ್ಲ. ಪ್ರತಿ ಸಲ ಬಸ್ಸಿನಲ್ಲಿ ಹೋಗುವಾಗ ಮಾತು ಜೋಡಿಸುತ್ತಿದ್ದ, ಬರುವಾಗ ಬೇರೆ ಕಾರಣ ಜೋಡಿಸುತ್ತಿದ್ದ. ಕಾಲೇಜಿನ ಮೆಟ್ಟಲ ಮೇಲೆ ಇಬ್ಬರೂ ಎದುರಾದರೆ ವೆಂಕೋಬ ಕಣ್ಣಲ್ಲೇ ಕೇಳುತ್ತಿದ್ದ. ಅಪ್ಪ ನೆಲ ನೋಡುತ್ತಿದ್ದ. ಕೆಲವು ತಿಂಗಳಾದ ಮೇಲೆ ವೆಂಕೋಬ ಕೇಳುವುದನ್ನೂ ಬಿಟ್ಟ. ಮರುವರ್ಷ ಅವನು ಚುನಾವಣೆಗೆ ನಿಲ್ಲಲಿಲ್ಲ. ಚರ್ಚಾಸ್ಪರ್ಧೆಗೂ ಹೋಗಲಿಲ್ಲ. ಬಿ.ಎ. ಮುಗಿಸಿ ದೇವದುರ್ಗಕ್ಕೆ ಹೋಗಿ ಒಂದು ಶಾಲೆಯಲ್ಲಿ ಪಾಠ ಮಾಡತೊಡಗಿದ.

೧೯೮೭ರ ಬೇಸಿಗೆಯಲ್ಲಿ ಒಂದು ದಿನ, ಯಾವ ಕಾರಣವೂ ಇಲ್ಲದೆ, ಅಪ್ಪ ಹೇಳಿಬಿಟ್ಟ. ಅಜ್ಜ ಉಣ್ಣೆ ಕತ್ತರಿಸುತ್ತಿದ್ದ, ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು.

"ಯಪ್ಪಾ, ಅವತ್ತು ಬಂದವ ಶರಣಯ್ಯ ಅಲ್ಲ. ವೆಂಕೋಬ ಅಂತ. ದೇವದುರ್ಗದ ಕೇರಿಯವ. ನಾನೂ ಆತನೂ ಒಂದ ತಾಟಿನ್ಯಾಗ ಉಂಡೀವಿ."

ಆಕಾಶ ಬೀಳಲಿಲ್ಲ. ಅಜ್ಜ ಕತ್ತರಿ ಕೆಳಗಿಟ್ಟ, ಕುರಿ ಎದ್ದು ಓಡಿತು, ಅದನ್ನು ಹಿಡಿಯಲು ಕೂಡ ಹೋಗಲಿಲ್ಲ. ಅಜ್ಜಿಯ ಕೈ ರೊಟ್ಟಿಯ ಮೇಲೆ ನಿಂತಿತು. ಅವಳಿಗೆ ಮೈಲಿಗೆ ನೆನಪಾಗಲಿಲ್ಲ. ನೆನಪಾದದ್ದು ಬೇರೆ.

"ಅಯ್ಯೋ ಯಪ್ಪಾ. ಆತನ ಮುಂದ ನಾ ಆ ಕೊಡದ ಮಾತು ಆಡಿದ್ನಲ್ಲೋ! ಕೂಸಿನ ತೆಲಿ ಮ್ಯಾಲ ಕೈ ಇಟ್ಟವನ ಮುಂದ! ನೀ ಅಲ್ಲೇ ನಿಂತಿದ್ದಿ. ನನ್ನ ಬಾಯಿ ಮುಚ್ಚಿಸಬಾರದಾಗಿತ್ತೇನೋ?"

ಅಜ್ಜ ಕೈಗೆ ಹತ್ತಿದ ಉಣ್ಣೆ ಕೊಡವಿ ಅಂದ: "ಅವತ್ತ ಹೇಳಿದ್ರ ನಾ ಏನು ಮಾಡತಿದ್ನೋ ಗೊತ್ತಿಲ್ಲ. ಹೊರಗ ಕುಂದರಸತಿದ್ನೋ ಏನೋ. ಆದ್ರ ಅದು ನನ್ನ ತಪ್ಪಾಗತಿತ್ತು. ಈಗ ಅದು ನಿಂದಾತು." ಆಮೇಲೆ, "ಹೋಗಿ ಕರಕೊಂಡು ಬಾ," ಎಂದ.

ಮರುದಿನವೇ ಅಪ್ಪ ದೇವದುರ್ಗದ ಬಸ್ಸು ಹತ್ತಿದ. ಕೇರಿಯಲ್ಲಿ ಮನೆ ಕೇಳಿಕೊಂಡು ಹೋದ. ವೆಂಕೋಬ ಬಾಗಿಲಲ್ಲಿ ಕೂತು ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದ. ಅಪ್ಪನನ್ನು ಕಂಡು ಎದ್ದು ನಿಂತ.

"ಬರ್ರಿ ಕನಕರಾಯರ. ಕುಂದರ್ರಿ. ಊರಾಗ ಎಲ್ಲಾರೂ ಆರಾಮ?"

ಅಪ್ಪನಿಗೆ ಅಲ್ಲೇ ಎಲ್ಲ ತಿಳಿಯಿತು. ಆದರೂ ಹೇಳಿದ. "ಹೇಳಿದೆ ವೆಂಕೋಬ. ನಿನ್ನೆ ಹೇಳಿದೆ."

"ಹೌದೇನ್ರಿ? ಛಲೋ ಆತು. ನಿಮ್ಮ ಮನಸ್ಸು ಹಗುರಾತಲ್ಲ."

"ಅಪ್ಪ ಕರದಾನ. ಅವ್ವ ಅಳಾಕತ್ತಾಳ. ನೀ ಒಂದ ಸಲ ಬಾ."

ವೆಂಕೋಬ ಪೆನ್ನಿನ ಮುಚ್ಚಳ ಹಾಕಿದ. "ಬಂದ್ರ ಏನಾಗ್ತದ ಹೇಳ್ಲಿ? ನಿಮ್ಮವ್ವ ಪಾಪ, ತಪ್ಪಾತು ಅಂತ ಹೊಸ ಕಂಬಳಿ ಹಾಸಿ, ಎಲ್ಲಾರಕಿಂತ ಮ್ಯಾಲ ಕುಂದ್ರಸ್ತಾಳ. ಅದೂ ಬ್ಯಾರೇನ ಆತಲ್ಲ." ಅಷ್ಟು ಹೇಳಿ ಒಂದು ಕ್ಷಣ ಅವನ ದನಿ ಹಳೆಯದಾಯಿತು. "ಆ ಪರಾತಕ್ಕ ಆರು ಮಂದಿ ಕೈ ಹಾಕಿದ್ರಲ್ಲ ಕನಕ್ಯಾ, ಅಲ್ಲಿ ಏಳನೇ ಕೈಗೆ ಜಾಗ ಇತ್ತು. ನೀ ಕರೀಲಿಲ್ಲ. ನಿಮ್ಮಪ್ಪ ಎಬ್ಬಿಸಿದ್ರ ಎಬ್ಬಿಸ್ಲಿ, ನಾ ಎದ್ದು ಹೋಗತಿದ್ದೆ, ಅದು ನನಗ ರೂಢಿ ಅದ. ನೀ ಕರದಿದ್ದಿ ಅನ್ನೋದು ಉಳೀತಿತ್ತು."

ಅಷ್ಟರಲ್ಲಿ ಗೋಪಮ್ಮ ಹೊಲದಿಂದ ಬಂದು, ಮಗನ ಕಾಲೇಜಿನ ಗೆಳೆಯ ಎಂದು ಹಿಗ್ಗಿ, ಚಹಾ ಕಾಯಿಸಿ ಕೊಟ್ಟಳು. ಅವಳಿಗೆ ಯಾವ ಸಂಗತಿಯೂ ಗೊತ್ತಿರಲಿಲ್ಲ. ವೆಂಕೋಬ ಯಾರಿಗೂ ಹೇಳಿರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನತನಕ ಬಂದ. ದಾರಿಯಲ್ಲಿ ಮಳೆ ಯಾವಾಗ, ಮರಿ ಎಷ್ಟು ಹಾಕಿದವು ಎಂದೆಲ್ಲ ಮರ್ಯಾದೆಯಿಂದ ಕೇಳಿದ. ಕಂಡಕ್ಟರ್ ಅವನಿಗೆ ಪರಿಚಯದವನು. "ಯಾರ್ರಿ ಮಾಸ್ತರ, ಬೀಗರೇನು?" ಎಂದು ಕೇಳಿದ.

"ಕನಕರಾಯರು ಅಂತ. ಹಿರೇಕೊಟ್ನೆಕಲ್‌ನ ಪರಮಣ್ಣಾರ ಮಗ. ಕುರಿ ಹಟ್ಟಿಯವರು. ನಮ್ಮ ಕಾಲೇಜಿಗೆ ಯು.ಆರ್. ಆಗಿದ್ರು," ಎಂದು ವೆಂಕೋಬ ಒಂದೊಂದೇ ಬಿಡಿಸಿ ಹೇಳಿದ. "ನಾವಿಬ್ರೂ ಒಂದ ಕೋಣ್ಯಾಗ ಇದ್ವಿ. ಛಲೋ ಜಾಗಾ ನೋಡಿ ಕುಂದ್ರಸ್ರಿ ಇವರನ್ನ."

ಕಂಡಕ್ಟರ್ ಕಿಟಕಿ ಪಕ್ಕದ ಸೀಟು ಒರೆಸಿ ಕೊಟ್ಟ. ಅಪ್ಪ ಕೂತು ಹೊರಗೆ ನೋಡುವಷ್ಟರಲ್ಲಿ ವೆಂಕೋಬ ತಿರುಗಿ ಕೇರಿಯ ಕಡೆ ನಡೆಯತೊಡಗಿದ್ದ. ಅಪ್ಪ ಅವನನ್ನು ಕೂಗಬೇಕೆಂದು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಸ್ಸಿನ ತುಂಬ ಮಂದಿ ಇದ್ದರು, ನಮ್ಮೂರಿನ ಹತ್ತಿರದ ಮಾನ್ವಿ ಕಡೆಯವರು, ಗುರುತಿನವರೂ ಒಬ್ಬಿಬ್ಬರಿದ್ದರು. ಅವರ ನಡುವೆ ಅಪ್ಪ ಜೀವಮಾನದಲ್ಲಿ ಮೊದಲ ಸಲ ಎದೆ ತುಂಬ ಗಾಳಿ ತೆಗೆದುಕೊಂಡು ವೆಂಕೋಬಾ ಎಂದು ಕೂಗಿದ. ಅವನು ತಿರುಗಿ ನೋಡಿದ. ಕೈ ಎತ್ತಿ ಮುಗಿದ. ಗುರುತಿನವರಿಗೆ ಮುಗಿಯುವ ಹಾಗೆ.